ಕಿಬ್ಬರ್‌ನಲ್ಲಿ ಹನ್ನೊಂದು ದಿನ: ಹಿಮ ಚಿರತೆಗಿಂತ ಮೊದಲು ಭರಲ್ ನೋಡಿ

ಹಂಚಿನಮನೆ (ಸಾಗರ)

ಫೆಬ್ರುವರಿಯಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಿ, ಕಿಬ್ಬರ್ ಎಂಬ ಊರಿನಲ್ಲಿ ಹನ್ನೊಂದು ದಿನ ಇದ್ದು ಬಂದೆ. ಹೊರಡುವ ಮುಂಚೆ ಬೂಟು, ಬಟ್ಟೆ, ದಾರಿ ಎಂದು ಈ ವೇದಿಕೆಯಲ್ಲಿ ಹತ್ತಾರು ಪ್ರಶ್ನೆ ಕೇಳಿದ್ದೆ. ಎಲ್ಲರೂ ತಾಳ್ಮೆಯಿಂದ ಉತ್ತರಿಸಿದಿರಿ. ಆ ಋಣ ತೀರಿಸಲು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಬಂದಾಗಿನಿಂದ ಎಲ್ಲರೂ ಕೇಳುತ್ತಿರುವ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ಹೌದು, ಹಿಮ ಚಿರತೆ ಕಂಡಿತು. ಒಂಬತ್ತನೆಯ ದಿನ, ಕಮರಿಯ ಆಚೆ ಬದಿಯಲ್ಲಿ, ಸುಮಾರು ಇಪ್ಪತ್ತು ನಿಮಿಷ. ಆದರೆ ನನಗೆ ಬರೆಯಬೇಕು ಅನ್ನಿಸಿರುವುದು ಅದಕ್ಕೂ ಮೊದಲು ಭರಲ್ ಎಂಬ ಕಾಡುಪ್ರಾಣಿಯನ್ನು ನೋಡುತ್ತ ಕಳೆದ ಎಂಟು ದಿನಗಳ ವಿಷಯ.

ದಾರಿ: ಶಿಮ್ಲಾ, ನಾರ್ಕಂಡಾ, ಕಲ್ಪಾ, ತಾಬೊ, ಕಾಜಾ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಚಳಿಗಾಲದಲ್ಲೂ ಸ್ಪಿತಿ ಸೇರಬಹುದು ಎಂದು ಕೆಲವರು ಅಂದುಕೊಂಡಿದ್ದಾರೆ. ಸುರಂಗ ನಿಮ್ಮನ್ನು ಲಾಹೌಲ್‌ವರೆಗೆ ಮಾತ್ರ ಮುಟ್ಟಿಸುತ್ತದೆ. ಅಲ್ಲಿಂದ ಮುಂದೆ 4,500 ಮೀಟರಿಗೂ ಎತ್ತರದ ಕುಂಜುಮ್ ಕಣಿವೆದಾರಿಯನ್ನು ದಾಟಬೇಕು, ಅದು ಚಳಿಗಾಲವಿಡೀ ಹಿಮದಡಿ ಮುಚ್ಚಿರುತ್ತದೆ. ಹಾಗಾಗಿ ಶಿಮ್ಲಾದಿಂದ ಕಲ್ಪಾ ಮೇಲೆ ಹೋಗುವ ಕಿನ್ನೌರ್ ದಾರಿಯೇ ಗತಿ. ನಾಲ್ಕು ದಿನ ಹಿಡಿಯಿತು, ಅದು ದೇಹಕ್ಕೂ ಒಳ್ಳೆಯದೇ ಆಯಿತು.

ಪೂಹ್ ದಾಟಿದ ಮೇಲೆ ಮರಗಳು ಒಂದೊಂದಾಗಿ ನಮ್ಮ ಸಂಗ ಬಿಟ್ಟವು. ಸ್ಪಿತಿ ನದಿ ಸಟ್ಲೆಜ್‌ಗೆ ಸೇರುವ ಖಾಬ್‌ನಲ್ಲಿ ಇಳಿದು ನಿಂತೆ. ಎರಡೂ ಕಡೆ ನೆಟ್ಟಗೆ ಎದ್ದ ಬಂಡೆ. ನಮ್ಮ ಘಟ್ಟದಲ್ಲಿ ಮಣ್ಣಿನ ಮೇಲೆ ಕಾಡು, ಕಾಡಿನ ಮೇಲೆ ಮಂಜು, ಬೆಟ್ಟದ ಮೈ ನಮಗೆ ಕಾಣುವುದೇ ಇಲ್ಲ. ಅಲ್ಲಿ ಬೆಟ್ಟಕ್ಕೆ ಹೊದಿಕೆಯೇ ಇಲ್ಲ. ಯಾವ ಪದರ ಎಲ್ಲಿ ಬಾಗಿದೆ, ಎಲ್ಲಿ ಮುರಿದಿದೆ ಎಂದು ಮಡಿಸಿಟ್ಟ ಕಂಬಳಿಯ ಅಂಚು ನೋಡಿದ ಹಾಗೆ ಎಣಿಸಬಹುದು. ಮುಂಗಾರಿನ ಮೋಡ ಪೀರ್ ಪಂಜಾಲ್ ಮತ್ತು ಮಹಾಹಿಮಾಲಯದ ಸಾಲುಗಳ ಆಚೆಗೇ ನೀರೆಲ್ಲ ಸುರಿದು ಬರಿಗೈಯಲ್ಲಿ ಈಚೆ ಬರುತ್ತದೆ. ಆಗುಂಬೆಯಲ್ಲಿ ಸುರಿದದ್ದು ಚಿತ್ರದುರ್ಗಕ್ಕೆ ಸಿಗದ ಹಾಗೆ. ಸ್ಪಿತಿಯ ಹೊಲಕ್ಕೆ ಬೇಸಿಗೆಯಲ್ಲಿ ಹರಿಯುವ ನೀರು ಚಳಿಗಾಲದಲ್ಲಿ ಬಿದ್ದ ಹಿಮವೇ.

ಕಿಬ್ಬರ್ ಸುಮಾರು 4,200 ಮೀಟರ್ ಎತ್ತರದಲ್ಲಿದೆ. ಬಿಳಿ ಬಳಿದ ಮಣ್ಣಿನ ಮನೆಗಳು, ಕಿಟಕಿಯ ಸುತ್ತ ಕಪ್ಪು ಪಟ್ಟಿ, ಸಪಾಟು ಚಾವಣಿಯ ಅಂಚಿನಲ್ಲಿ ಒಟ್ಟಿದ ಒಣ ಪೊದೆಗಳ ಸೌದೆ. ಚಳಿಗಾಲದಲ್ಲಿ ಮನೆಯವರೆಲ್ಲ ಒಂದೇ ಕೋಣೆಗೆ ಬರುತ್ತಾರೆ. ನಡುವೆ ತಗಡಿನ ಬುಖಾರಿ ಒಲೆ, ಅದಕ್ಕೆ ಸೌದೆ, ಒಣಗಿದ ಸಗಣಿ. ನಲ್ಲಿಯಲ್ಲಿ ನೀರಿಲ್ಲ, ಹೆಪ್ಪುಗಟ್ಟದ ಒಂದು ಊಟೆಯಿಂದ ಹೊತ್ತು ತರಬೇಕು. ಮೊದಲ ದಿನ ನಾನೂ ತರುತ್ತೇನೆಂದು ಕ್ಯಾನು ಎತ್ತಿಕೊಂಡೆ. ಹದಿನೈದು ಹೆಜ್ಜೆಗೆ ಉಸಿರು ಕಟ್ಟಿತು. ಮನೆಯ ಅಮ್ಮ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಬುಖಾರಿಯ ಪಕ್ಕದ ಜಾಗ ತೋರಿಸಿ ಕೂರಿಸಿದರು.

ಊರಿನ ಯುವಕರು ಬೆಳಕು ಹರಿಯುವ ಮೊದಲೇ, ದೂರದ ಪ್ರಾಣಿಗಳನ್ನು ನೋಡುವ ಸ್ಪಾಟಿಂಗ್ ಸ್ಕೋಪ್ ಹೆಗಲಿಗೇರಿಸಿ ಕಮರಿಯ ಅಂಚಿಗೆ ಹೋಗುತ್ತಾರೆ. ನನಗೆ ಜೊತೆಯಾಗಿದ್ದವರು ಮೊದಲ ದಿನವೇ ಹೇಳಿದ್ದು ಇಷ್ಟು: "ಚಿರತೆಯನ್ನು ಹುಡುಕಬೇಡಿ. ಭರಲ್ ಎತ್ತ ನೋಡುತ್ತಿದೆ ನೋಡಿ."

ಹೀಗೆ ಎಂಟು ದಿನ ಭರಲ್ ನೋಡಿದೆ. ನೀಲಿ ಕುರಿ ಎಂದು ಕರೆಯುತ್ತಾರೆ, ಆದರೆ ಬಣ್ಣ ಬೂದಿಯದು. ಹಿಮವಿಲ್ಲದ ಇಳಿಜಾರಿನಲ್ಲಿ ಅದು ಮಲಗಿದರೆ ಕಲ್ಲೋ ಪ್ರಾಣಿಯೋ ಗೊತ್ತಾಗುವುದಿಲ್ಲ. ಗಂಡಿಗೆ ಎದೆಯ ಮೇಲೆ, ಪಕ್ಕೆಯ ಉದ್ದಕ್ಕೆ ಕಪ್ಪು ಗೆರೆ, ಹೊರಕ್ಕೆ ಬಾಗಿದ ದಪ್ಪ ಕೊಂಬು. ಕುರಿ ಎಂಬ ಹೆಸರಿದ್ದರೂ ಮೇಕೆಗೇ ಹತ್ತಿರದ ಸಂಬಂಧಿ. ಮುಂಗಾಲಿನಿಂದ ಹಿಮ ಕೆದಕಿ, ಅಡಿಯ ಒಣ ಹುಲ್ಲನ್ನು ಎಳೆದು ತಿನ್ನುತ್ತದೆ. ಒಂದು ಹೆಣ್ಣು ಹತ್ತು ನಿಮಿಷ ಕೆದಕಿ ಮೂರು ಎಸಳು ಹುಲ್ಲು ಹೊರತೆಗೆದದ್ದನ್ನು ಸ್ಕೋಪಿನಲ್ಲಿ ನೋಡಿದೆ. ಅಷ್ಟು ಹುಲ್ಲಿಗಾಗಿ ಅಷ್ಟು ಶ್ರಮ. ಆ ಹುಲ್ಲೇ ಆ ಕಣಿವೆಯ ಎಲ್ಲ ಜೀವಗಳ ಬಂಡವಾಳ ಎಂಬುದು ಆ ಹೊತ್ತಿನಲ್ಲಿ ನನಗೆ ಹೊಳೆಯಿತು.

ನಾಲ್ಕನೆಯ ದಿನ ಗಡ್ಡದ ರಣಹದ್ದೊಂದು ಮೂಳೆ ಕಚ್ಚಿಕೊಂಡು ಮೇಲೇರಿ, ಬಂಡೆಯ ಹಾಸಿನ ಮೇಲೆ ಬೀಳಿಸಿತು. ಒಡೆಯಲಿಲ್ಲ. ಇಳಿದು, ಎತ್ತಿಕೊಂಡು, ಮತ್ತೆ ಏರಿತು. ಮೂರನೆಯ ಸಲ ಮೂಳೆ ಒಡೆದ ಸದ್ದು ಕಮರಿ ದಾಟಿ ನಮ್ಮವರೆಗೆ ಬಂತು. ಎಂಟನೆಯ ದಿನ ಸಂಜೆ ಕೆಳಗಿನ ಕಂದಕದಿಂದ ಉದ್ದನೆಯ, ಗಂಟಲು ಸವೆದಂಥ ಕೂಗು ಕೇಳಿಸಿತು. ಹಿಮ ಚಿರತೆ ಗರ್ಜಿಸುವುದಿಲ್ಲ, ಅದಕ್ಕೆ ಆ ಗಂಟಲಿಲ್ಲ. ಜನವರಿಯಿಂದ ಮಾರ್ಚ್ ಅವುಗಳ ಬೆದೆಯ ಕಾಲ, ಆಗ ಹೀಗೆ ಕೂಗುತ್ತವೆ. ಜೊತೆಗಾರರು ತುಟಿಯ ಮೇಲೆ ಬೆರಳಿಟ್ಟು ನಕ್ಕರು.

ಮರುದಿನ ಬೆಳಿಗ್ಗೆ ಇಪ್ಪತ್ತೆರಡು ಭರಲ್‌ಗಳು ಮೇಯುವುದನ್ನು ನಿಲ್ಲಿಸಿ, ಕೊರಳು ಸೆಟೆಸಿ, ಒಂದೇ ಬಂಡೆಯ ಕಡೆ ತಿರುಗಿ ನಿಂತಿದ್ದವು. ಆ ಬಂಡೆಯ ನೆರಳಿನಿಂದ ಮೊದಲು ಹೊರಬಂದದ್ದು ಬಾಲ. ದೇಹದಷ್ಟೇ ಉದ್ದ ಅನ್ನಿಸುವ, ತೋಳಿನಷ್ಟು ದಪ್ಪದ ಬಾಲ. ಆಮೇಲೆ ಇಡೀ ಪ್ರಾಣಿ ಎದ್ದು, ಮೈ ಮುರಿದು, ಬಂಡೆಗೆ ಕೆನ್ನೆ ಉಜ್ಜಿ, ಹಿಂದೆ ತಿರುಗಿ ಗುರುತಿನ ಮೂತ್ರ ಸಿಂಪಡಿಸಿ, ಅವಸರವಿಲ್ಲದೆ ದಿಬ್ಬ ಏರಿತು. ಭರಲ್‌ಗಳು ತನ್ನನ್ನು ನೋಡಿಬಿಟ್ಟಿವೆ, ಇನ್ನು ಬೇಟೆ ಸಾಧ್ಯವಿಲ್ಲ ಎಂಬುದು ಅದಕ್ಕೆ ಗೊತ್ತಿತ್ತು. ನನ್ನ ಕ್ಯಾಮೆರಾದಲ್ಲಿ ನಾಲ್ಕೇ ಚಿತ್ರಗಳಿವೆ. ಆಮೇಲೆ ಸುಮ್ಮನೆ ನೋಡಿದೆ.

ಭರಲ್ ಮೇಯುತ್ತಿದ್ದ ಆ ಇಳಿಜಾರಿನಲ್ಲಿ ಊರಿನ ಒಂದು ಹಸುವೂ ಒಂದು ಯಾಕ್ ಕೂಡ ಇರಲಿಲ್ಲ. ಯಾಕೆಂದು ರಾತ್ರಿ ಕೇಳಿದೆ. "ಅದು ಅವುಗಳಿಗೆ ಬಿಟ್ಟದ್ದು" ಎಂದರು ಮನೆಯ ಯಜಮಾನರು. 1990ರ ದಶಕದ ಕೊನೆಯಲ್ಲಿ ಊರವರೇ ಕೂತು ತೀರ್ಮಾನಿಸಿ, ತಮ್ಮ ಹುಲ್ಲುಗಾವಲಿನ ಒಂದು ಭಾಗಕ್ಕೆ ಜಾನುವಾರು ಹೊಡೆಯುವುದನ್ನು ನಿಲ್ಲಿಸಿದರಂತೆ. ಈ ವಿಷಯ ತಿಳಿದವರು ಇಲ್ಲಿದ್ದರೆ ದಯವಿಟ್ಟು ಬರೆಯಿರಿ. ನನ್ನ ಹಿಂದಿಗೂ ಅವರ ಹಿಂದಿಗೂ ನಡುವೆ ಅರ್ಧ ಕಥೆ ಬಿದ್ದುಹೋಯಿತು.


ಕೆಂಪುಕೊಡೆ (ಬೆಂಗಳೂರು)

ಓದಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಮುಂದಿನ ವರ್ಷ ನಾನು, ನನ್ನ ಅಕ್ಕ ಹೋಗಬೇಕೆಂದಿದ್ದೇವೆ. ರಜೆ ಆರೇ ದಿನ ಸಿಗುತ್ತದೆ. ಚಂಡೀಗಢದಿಂದ ಎರಡೇ ದಿನದಲ್ಲಿ ಕಿಬ್ಬರ್ ಸೇರಿದರೆ ಎರಡು ದಿನ ಅಲ್ಲಿರಬಹುದು ಎಂದು ಲೆಕ್ಕ ಹಾಕಿದ್ದೇವೆ. ಸಾಧ್ಯವೇ?


ನಾಡಿಮಿಡಿತ (ಹುಬ್ಬಳ್ಳಿ)

ಬೇಡ. ವೈದ್ಯೆಯಾಗಿ ಹೇಳುತ್ತಿದ್ದೇನೆ, ಆರು ದಿನದಲ್ಲಿ ಈ ಪ್ರಯಾಣ ಮಾಡಬೇಡಿ.

4,200 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 60ರಷ್ಟು. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ತನ್ನದೇ ವೇಗದಲ್ಲಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ನಡುನಡುವೆ ಒಂದು ದಿನ ಪೂರ್ತಿ ವಿಶ್ರಾಂತಿ ಬೇಕು. ಹಂಚಿನಮನೆಯವರು ಬಂದ ಕಿನ್ನೌರ್ ದಾರಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕಲ್ಪಾ 2,900ರ ಆಸುಪಾಸು, ತಾಬೊ 3,300ರ ಹತ್ತಿರ, ಕಾಜಾ 3,600ಕ್ಕೂ ಹೆಚ್ಚು. ಕಾಜಾದಲ್ಲಿ ಎರಡು ರಾತ್ರಿ ಕಳೆದೇ ಕಿಬ್ಬರ್‌ಗೆ ಹೋಗಿ.

ತಲೆನೋವು, ವಾಕರಿಕೆ, ಊಟ ಸೇರದಿರುವುದು ಮೊದಲ ಲಕ್ಷಣಗಳು. ಹಾಗಾದರೆ ಮುಂದೆ ಏರಬೇಡಿ. ಸುಮ್ಮನೆ ಕುಳಿತಿದ್ದಾಗಲೂ ಏದುಸಿರು, ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ನಡಿಗೆ ತೂರಾಡಿದರೆ, ಮಾತು ಗೊಂದಲವಾದರೆ ಮಿದುಳು ಊದಿಕೊಳ್ಳುತ್ತಿದೆ. ಈ ಎರಡರಲ್ಲಿ ಯಾವುದೇ ಆದರೂ ಬೆಳಗಾಗಲಿ ಎಂದು ಕಾಯದೆ ಆ ಕ್ಷಣವೇ ಕೆಳಕ್ಕೆ ಇಳಿಸಬೇಕು. ಎತ್ತರದ ಕಾಯಿಲೆ ತಡೆಯುವ ಮಾತ್ರೆಯ ವಿಷಯವನ್ನು ಹೊರಡುವ ಮೊದಲು ನಿಮ್ಮ ವೈದ್ಯರೊಡನೆ ಮಾತನಾಡಿ. ಸಲ್ಫಾ ಅಲರ್ಜಿ ಇರುವವರು ಅದನ್ನು ಮರೆಯದೆ ಹೇಳಬೇಕು. ಪ್ರಾಯದವರು, ದಿನಾ ಜಿಮ್ಮಿಗೆ ಹೋಗುವವರು ತಮಗೇನೂ ಆಗದು ಎಂದು ತಿಳಿಯುತ್ತಾರೆ. ಎತ್ತರದ ಕಾಯಿಲೆಗೆ ದೇಹದಾರ್ಢ್ಯ ರಕ್ಷೆಯಲ್ಲ. ನನ್ನ ಸಹಪಾಠಿಯೊಬ್ಬನನ್ನು ಹಿಮಾಲಯದ ಬೇರೊಂದು ಕಣಿವೆಯಲ್ಲಿ ನಡುರಾತ್ರಿ ಕೆಳಗಿಳಿಸಿದ ಅನುಭವ ನನಗಿದೆ. ಅವನು ನಮ್ಮೆಲ್ಲರಿಗಿಂತ ಗಟ್ಟಿಮುಟ್ಟಾಗಿದ್ದವನು.


ಕೆಂಪುಕೊಡೆ (ಬೆಂಗಳೂರು)

ಧನ್ಯವಾದ ಡಾಕ್ಟರೇ. ಎರಡು ವರ್ಷದ ರಜೆ ಕೂಡಿಸಿ ಹದಿನಾಲ್ಕು ದಿನ ಮಾಡಿಕೊಂಡೇ ಹೋಗುತ್ತೇವೆ.


ಕಬಿನಿ ಹಿನ್ನೀರು (ಹೆಗ್ಗಡದೇವನಕೋಟೆ)

ಬರಹ ಚೆನ್ನಾಗಿದೆ, ಆದರೆ ನನ್ನ ಆತಂಕವನ್ನೂ ಹೇಳಬೇಕು. ನಾನು ಇಲ್ಲಿ ಸಫಾರಿ ವಾಹನಗಳ ನಡುವೆಯೇ ಬೆಳೆದವನು. ಒಂದು ಕರಿ ಚಿರತೆಯ ಚಿತ್ರ ಜಗತ್ತಿಗೆಲ್ಲ ಹೋದ ಮೇಲೆ ನಮ್ಮ ಕಾಡಿನಲ್ಲಿ ಏನಾಯಿತು ಎಂದು ಕಣ್ಣಾರೆ ಕಂಡಿದ್ದೇನೆ. ಬಂದವರಿಗೆ ಆನೆ ಬೇಡ, ಕಾಟಿ ಬೇಡ, ಮರಕುಟಿಗ ಬೇಡ. "ಅದು ಎಲ್ಲಿದೆ" ಎಂಬ ಒಂದೇ ಪ್ರಶ್ನೆ. ಕಿಬ್ಬರ್‌ನಲ್ಲೂ ಈಗ ಹಾಗೆಯೇ ಆಗುತ್ತಿದೆ ಎಂದು ಹೋಗಿಬಂದ ಇಬ್ಬರು ಹೇಳಿದರು. ಚಿರತೆ ಕಂಡ ಸುದ್ದಿ ಬಂದ ಕೂಡಲೇ ಒಂದೇ ತಿರುವಿನಲ್ಲಿ ಹತ್ತಾರು ಟ್ರೈಪಾಡ್, ಜೋರು ಮಾತು, ಎಂಜಿನ್ ಆರಿಸದ ಗಾಡಿಗಳು. ಫೆಬ್ರುವರಿ ಅವುಗಳ ಬೆದೆಯ ಕಾಲ ಎಂದು ನೀವೇ ಬರೆದಿದ್ದೀರಿ. ಅದೇ ಕಾಲಕ್ಕೆ ನಾವು ಗುಂಪಾಗಿ ಹೋಗಿ ನಿಲ್ಲುವುದು ಸರಿಯೇ? ಇಂಥ ಬರಹ ಓದಿ ಇನ್ನೂ ಐವತ್ತು ಜನ ಹೊರಟರೆ?


ಹಂಚಿನಮನೆ (ಸಾಗರ)

ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಕಬಿನಿಯವರೇ. ಆರನೆಯ ದಿನ ನೀವು ಹೇಳಿದ ದೃಶ್ಯವನ್ನೇ ನಾನೂ ನೋಡಿದೆ. ಪಕ್ಕದ ಊರು ಚಿಚಮ್ ಕಡೆಗೆ ಹೋಗುವ ರಸ್ತೆಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸೇರಿದ್ದರು. ಒಬ್ಬರು ಚಿರತೆ ಮಲಗಿದ್ದ ಬಂಡೆಯ ಕಡೆಗೆ ಹಿಮದುಂಡೆ ಎಸೆಯಲು ಕೈ ಎತ್ತಿದರು. ಊರಿನ ಹುಡುಗನೊಬ್ಬ ಓಡಿಹೋಗಿ ಆ ಕೈ ಹಿಡಿದ. ನನಗೆ ಹೊಟ್ಟೆ ಉರಿಯಿತು, ನಾಚಿಕೆಯೂ ಆಯಿತು, ಏಕೆಂದರೆ ಆ ಗುಂಪಿನಲ್ಲಿ ನಾನೂ ಒಬ್ಬ. ಅಂದು ನಾವು ಅಲ್ಲಿಂದ ಹಿಂದಿರುಗಿ ಇನ್ನೊಂದು ದಿಕ್ಕಿಗೆ ಹೋದೆವು. ನಾನು ಬರೆದ ಇಪ್ಪತ್ತು ನಿಮಿಷದಲ್ಲಿ ಆ ದಿನದ ಲೆಕ್ಕವಿಲ್ಲ.

ಆದರೂ ಹೋಗಲೇಬಾರದು ಎನ್ನಲು ನನಗೆ ಮನಸ್ಸಾಗುತ್ತಿಲ್ಲ. ಆ ಹುಡುಗನ ಮನೆಯ ಚಳಿಗಾಲದ ಆದಾಯ ನಾವು ಕೊಡುವ ಹಣವೇ. ಮೊದಲು ಚಳಿಗಾಲದಲ್ಲಿ ಅವರಿಗೆ ಊರಿನಲ್ಲಿ ಸಂಪಾದನೆಯೇ ಇರಲಿಲ್ಲವಂತೆ.


ಚಾಮುಂಡಿ ತಪ್ಪಲು (ಮೈಸೂರು)

ಹಂಚಿನಮನೆಯವರು ಕೇಳಿದ ಅರ್ಧ ಕಥೆಗೆ ನಾನು ಸ್ವಲ್ಪ ಸೇರಿಸಬಲ್ಲೆ. ಕೆಲವು ವರ್ಷ ಸ್ಪಿತಿಯಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಹಾದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ) ಕೆಲಸಕ್ಕೆ ಸಹಾಯಕನಾಗಿದ್ದೆ.

ಈ ಕಥೆಗೂ ನಮ್ಮ ಊರಿಗೂ ನಂಟಿದೆ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಚಾರುದತ್ತ ಮಿಶ್ರಾ 1990ರ ದಶಕದಲ್ಲಿ ಕಿಬ್ಬರ್‌ನಲ್ಲಿದ್ದು ಅಧ್ಯಯನ ಮಾಡಿದರು. ಊರಿನ ಸುತ್ತಲ ಇಳಿಜಾರುಗಳಲ್ಲಿ ಜಾನುವಾರು ಹೆಚ್ಚಾಗಿ, ಭರಲ್‌ಗೆ ಹುಲ್ಲು ಉಳಿಯುತ್ತಿರಲಿಲ್ಲ. ಭರಲ್ ಕಡಿಮೆಯಾದರೆ ಚಿರತೆ ಕುದುರೆ, ಯಾಕ್, ಮೇಕೆಯ ಕಡೆ ತಿರುಗುತ್ತದೆ. ಜಾನುವಾರು ಸತ್ತರೆ ಊರವರು ಚಿರತೆಯ ಮೇಲೆ ಸಿಟ್ಟಾಗುತ್ತಾರೆ. ಗಮನಿಸಿ, 1992ರಿಂದಲೇ ಅಲ್ಲಿ ಕಿಬ್ಬರ್ ವನ್ಯಜೀವಿಧಾಮ ಇದೆ. ಧಾಮವೆಂದು ಘೋಷಿಸಿದ ಮಾತ್ರಕ್ಕೆ ಹುಲ್ಲು ಬೆಳೆಯಲಿಲ್ಲ. ಊರವರು ಸಭೆ ಸೇರಿ, ತಮ್ಮ ಗೋಮಾಳದ ಒಂದು ಪಾಲನ್ನು ಬಿಟ್ಟುಕೊಟ್ಟ ಮೇಲೆ ಬೆಳೆಯಿತು. ಅಲ್ಲಿ ಭರಲ್ ಸಂಖ್ಯೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟಾಯಿತು. ನಿಮ್ಮ ಜೊತೆಗಾರರು "ಭರಲ್ ನೋಡಿ" ಎಂದದ್ದರ ಹಿಂದೆ ಇಷ್ಟು ವರ್ಷಗಳ ಬದುಕಿದೆ.

2002ರಲ್ಲಿ ಊರವರದೇ ಜಾನುವಾರು ವಿಮೆ ಶುರುವಾಯಿತು. ದನ ಸಾಕುವವರು ತಾವೇ ಕಂತು ಕಟ್ಟುತ್ತಾರೆ, ಊರಿನ ಸಮಿತಿಯೇ ಪರಿಶೀಲಿಸಿ ಹಣ ಕೊಡುತ್ತದೆ. ಸುಳ್ಳು ಹೇಳಿದರೆ ನಷ್ಟ ಪಕ್ಕದ ಮನೆಯವರಿಗೇ, ಹಾಗಾಗಿ ಯಾರೂ ಹೇಳುವುದಿಲ್ಲ. ಇನ್ನೊಂದು, ದೊಡ್ಡಿ. ಹಳೆಯ ಕಲ್ಲಿನ ದೊಡ್ಡಿಗೆ ಚಾವಣಿ ಸರಿಯಿರದಿದ್ದರೆ ಚಿರತೆ ಒಳಗೆ ಹಾರುತ್ತದೆ, ಮೇಕೆಗಳು ಗಾಬರಿಯಿಂದ ಓಡಾಡುತ್ತವೆ, ಓಡಾಡಿದ್ದನ್ನೆಲ್ಲ ಅದು ಹಿಡಿಯುತ್ತದೆ. ಒಂದೇ ರಾತ್ರಿ ಇಡೀ ಮಂದೆ ಹೋಗಬಹುದು. ಮೇಲೆ ಕಬ್ಬಿಣದ ಜಾಲರಿ, ಗಟ್ಟಿ ಬಾಗಿಲು ಹಾಕಿದ ಮೇಲೆ ಆ ಕಷ್ಟ ನಿಂತಿತು.

ಎಣಿಕೆಯ ವಿಷಯ. ಪ್ರತಿ ಚಿರತೆಯ ಮೈಮೇಲಿನ ಮಚ್ಚೆಗಳ ವಿನ್ಯಾಸ ಬೇರೆ ಬೇರೆ. ಎಡ ಪಕ್ಕೆ, ಬಲ ಪಕ್ಕೆ, ಬಾಲ ಎಲ್ಲವನ್ನೂ ಚಿತ್ರಕ್ಕೆ ಚಿತ್ರ ಇಟ್ಟು ಹೋಲಿಸಬೇಕು. 2019ರಿಂದ 2023ರವರೆಗೆ ನಡೆದ ದೇಶದ ಮೊದಲ ಸಮಗ್ರ ಗಣತಿಯಲ್ಲಿ 1,971 ಕಡೆ ಕ್ಯಾಮೆರಾ ಇಟ್ಟು, 241 ಬೇರೆ ಬೇರೆ ಚಿರತೆಗಳನ್ನು ಗುರುತಿಸಿ, ಭಾರತದಲ್ಲಿ ಒಟ್ಟು 718 ಇವೆ ಎಂದು ಅಂದಾಜು ಮಾಡಿದರು. ಲಡಾಖ್‌ನಲ್ಲೇ 477, ಹಿಮಾಚಲದಲ್ಲಿ 51. ಹಿಮಾಚಲದ ಹೊಸ ಗಣತಿಯ ಫಲಿತಾಂಶ 2025ರಲ್ಲಿ ಬಂತು, ಅದು 83. ಆ ಕೆಲಸದಲ್ಲಿ ಕಿಬ್ಬರ್‌ನ ಹೆಣ್ಣುಮಕ್ಕಳು ಕ್ಯಾಮೆರಾ ಇಟ್ಟರು, ಸಾವಿರಾರು ಚಿತ್ರ ಕೂತು ನೋಡಿದರು. ನಾನಿದ್ದಾಗ ಚಳಿಯಲ್ಲಿ ಕ್ಯಾಮೆರಾದ ಬ್ಯಾಟರಿ ಬದಲಿಸಲು ಕೈಗವಸು ತೆಗೆದರೆ ಬೆರಳು ಲೋಹಕ್ಕೆ ಅಂಟಿಕೊಳ್ಳುತ್ತಿತ್ತು. ಆ ಕೆಲಸವನ್ನು ಅವರು ಮನೆ, ಹೊಲ, ಮಕ್ಕಳ ಜೊತೆಗೆ ಮಾಡುತ್ತಾರೆ.


ರೊಪ್ಪದ ಕಾವಲು (ಚಳ್ಳಕೆರೆ)

ನಮ್ಮದು ಕುರಿ ಸಾಕುವ ಮನೆತನ. ಹಿಮ ಚಿರತೆಯನ್ನು ಟಿವಿಯಲ್ಲಿ ಮಾತ್ರ ಕಂಡಿದ್ದೇನೆ. ಆದರೆ ರೊಪ್ಪದೊಳಗೆ ಬೆಳಗಾಗುವಾಗ ಸತ್ತ ಕುರಿಗಳನ್ನು ಎಣಿಸುವುದು ಏನೆಂದು ನನಗೆ ಗೊತ್ತು. ನಮ್ಮಲ್ಲಿ ತೋಳ ಬರುತ್ತದೆ, ಚಿರತೆಯೂ ಬರುತ್ತದೆ. ನಾನು ಹನ್ನೆರಡು ವರ್ಷದವನಿದ್ದಾಗ ಒಂದೇ ರಾತ್ರಿ ಒಂಬತ್ತು ಮರಿ ಹೋದವು. ಪರಿಹಾರಕ್ಕೆ ಅಪ್ಪ ಎಂಟು ತಿಂಗಳು ಅಲೆದರು. ನಾಲ್ಕು ಸಲ ಅಲೆದ ಬಸ್ ಖರ್ಚಿನಲ್ಲೇ ಒಂದು ಮರಿ ಬರುತ್ತಿತ್ತು.

ಹಾಗಿದ್ದೂ ನಮ್ಮ ತಾತ ತೋಳವನ್ನು ಬೈಯುತ್ತಿರಲಿಲ್ಲ. ಬಯಲು ಅದರದೂ ಹೌದು, ಅದರ ಪಾಲು ಅದು ಒಯ್ಯುತ್ತದೆ ಎನ್ನುತ್ತಿದ್ದರು. ಕಿಬ್ಬರ್‌ನವರ ಮಾತು ಓದಿದಾಗ ತಾತನ ಮುಖ ಕಣ್ಣೆದುರು ಬಂತು.

ಮೈಸೂರಿನವರಿಗೆ ಒಂದು ಪ್ರಶ್ನೆ. ಕಾಡು ಕುರಿ ಹೆಚ್ಚಾದರೆ ಚಿರತೆ ನಮ್ಮ ಕುರಿಯನ್ನು ಬಿಡುತ್ತದೆ ಎನ್ನುವುದು ಕೇಳಲು ಚೆನ್ನ. ಆದರೆ ತಿನ್ನಲು ಹೆಚ್ಚು ಸಿಕ್ಕರೆ ಚಿರತೆಯೂ ಹೆಚ್ಚಾಗುವುದಿಲ್ಲವೇ? ಆಗ ರೊಪ್ಪಕ್ಕೆ ಬರುವ ಬಾಯಿಗಳೂ ಹೆಚ್ಚಲ್ಲವೇ?


ಚಾಮುಂಡಿ ತಪ್ಪಲು (ಮೈಸೂರು)

ನೀವು ಕೇಳಿದ ಪ್ರಶ್ನೆಯನ್ನೇ ವಿಜ್ಞಾನಿಗಳು ವರ್ಷಗಟ್ಟಲೆ ಕೆಲಸ ಮಾಡಿ ಕೇಳಿಕೊಂಡರು, ನಿಮ್ಮ ಅನುಮಾನ ಸರಿಯೆಂದೇ ಕಂಡಿತು. ಬೇಟೆ ಹೆಚ್ಚಾದ ಕಡೆ ಚಿರತೆಗಳೂ ಹೆಚ್ಚುತ್ತವೆ, ಜಾನುವಾರು ನಷ್ಟ ತಾನಾಗಿ ಇಳಿಯುವುದಿಲ್ಲ, ಏರಲೂಬಹುದು. ಭರಲ್ ಹೆಚ್ಚಾದರೆ ಊರಿನ ಬಟಾಣಿ ಹೊಲಕ್ಕೂ ನುಗ್ಗುತ್ತವೆ, ಸ್ಪಿತಿಯಲ್ಲಿ ಹಸಿ ಬಟಾಣಿಯೇ ಮುಖ್ಯ ಹಣದ ಬೆಳೆ. ಅದಕ್ಕೇ ಹುಲ್ಲು ಬಿಟ್ಟುಕೊಟ್ಟರೆ ಕೆಲಸ ಮುಗಿಯಲಿಲ್ಲ. ಜೊತೆಗೆ ವಿಮೆ ಬೇಕು, ಜಾಲರಿಯ ದೊಡ್ಡಿ ಬೇಕು, ಹೊಲಕ್ಕೆ ಕಾವಲು ಬೇಕು. ಒಂದನ್ನು ಕಿತ್ತರೆ ಉಳಿದದ್ದು ನಿಲ್ಲುವುದಿಲ್ಲ. ಚಿರತೆ ಉಳಿಯಲಿ ಎಂದು ಊರಿನಿಂದ ದೂರ ಕೂತವರು ಬಯಸುವುದು ಸುಲಭ. ಬೆಲೆ ತೆರುವವರು ದೊಡ್ಡಿಯ ಪಕ್ಕದಲ್ಲಿ ಮಲಗುವವರು.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ, ಬೀದಿನಾಯಿಗಳು. ಬೇಸಿಗೆಯಲ್ಲಿ ಪ್ರವಾಸಿಗರು, ಹೋಟೆಲುಗಳು ಬಿಸಾಡಿದ್ದನ್ನು ತಿಂದು ಬೆಳೆದ ನಾಯಿಗಳು ಚಳಿಗಾಲದಲ್ಲಿ ಹಸಿದು ಗುಂಪುಕಟ್ಟಿ ಬೆಟ್ಟ ಏರುತ್ತವೆ. ಭರಲ್ ಮರಿ, ಊರಿನ ಮೇಕೆ ಎರಡನ್ನೂ ಕೊಲ್ಲುತ್ತವೆ. ಕಬಿನಿಯವರ ಆತಂಕಕ್ಕೆ ನನ್ನ ಉತ್ತರ ಇಲ್ಲಿದೆ. ಹೋಗುವುದಾದರೆ ಊರಿನ ಮನೆಯಲ್ಲೇ ಉಳಿಯಿರಿ, ಊರಿನವರನ್ನೇ ಕರೆದುಕೊಂಡು ಹೋಗಿ, ಒಯ್ದ ಪ್ಲಾಸ್ಟಿಕ್ಕನ್ನು ಶಿಮ್ಲಾವರೆಗೆ ವಾಪಸ್ ತನ್ನಿ. ಚಿರತೆಯ ಕಡೆಗೆ ಒಂದು ಹೆಜ್ಜೆಯನ್ನೂ ಇಡಬೇಡಿ. ಅದು ಎದ್ದು ಹೋದರೆ ಅಂದಿನ ನೋಟ ಮುಗಿಯಿತು.


ಕಬಿನಿ ಹಿನ್ನೀರು (ಹೆಗ್ಗಡದೇವನಕೋಟೆ)

ಹಿಮದುಂಡೆಯ ಆ ಹುಡುಗನ ವಿಷಯ ನನ್ನ ಮನಸ್ಸಿನಲ್ಲಿ ಉಳಿದಿದೆ. ನಮ್ಮಲ್ಲಿ ಚಾಲಕರು ಪ್ರವಾಸಿಗರ ಕೈ ಹಿಡಿಯುವ ಧೈರ್ಯ ಮಾಡಲಾರರು, ಮರುದಿನ ಕೆಲಸ ಹೋಗುತ್ತದೆ. ಬೆಟ್ಟ ತಮ್ಮದು ಎಂಬ ಅಧಿಕಾರ ಇರುವುದರಿಂದಲೇ ಅವನು ಹಿಡಿದ. ಹೋಗಬೇಡಿ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಗುಂಪಿಗೆ ಮಿತಿ ಇರಬೇಕು, ಆ ಮಿತಿಯನ್ನು ಊರವರೇ ಹಾಕಬೇಕು ಎಂಬ ಮಾತನ್ನು ಮಾತ್ರ ಬಿಡುವುದಿಲ್ಲ.


ನಿವೃತ್ತ ಮೇಷ್ಟ್ರು (ಉಡುಪಿ)

ಪ್ರಾಣಿಗಳ ಚರ್ಚೆಯ ನಡುವೆ ಒಂದು ಕಲ್ಲಿನ ವಿಷಯ ಹೇಳಬಹುದೇ?

ನಮ್ಮ ಮನೆಯ ದೇವರಕೋಣೆಯಲ್ಲಿ ಗಂಡಕಿ ನದಿಯ ಸಾಲಿಗ್ರಾಮಗಳಿವೆ. ಅಜ್ಜ ದಿನವೂ ಅವುಗಳಿಗೆ ಅಭಿಷೇಕ ಮಾಡಿ, ಒರೆಸಿ, ತುಳಸಿ ಇಟ್ಟು ಸಂಪುಟದಲ್ಲಿ ಮಲಗಿಸುತ್ತಿದ್ದರು. ಒಂದರಲ್ಲಿ ಸಣ್ಣ ತೂತಿನೊಳಗೆ ಚಕ್ರದ ಸುರುಳಿ. ಚಿಕ್ಕವನಿದ್ದಾಗ ಅದರೊಳಗೆ ಬೆರಳ ತುದಿ ಇಟ್ಟು ಬೈಸಿಕೊಂಡಿದ್ದೇನೆ. ಮುಂದೆ ವಿಜ್ಞಾನ ಕಲಿಸುವ ಕೆಲಸಕ್ಕೆ ಸೇರಿದ ಮೇಲೆ ಅದು ಅಮೋನೈಟ್ ಎಂಬ ಕಡಲ ಜೀವಿಯ ಚಿಪ್ಪಿನ ಅಚ್ಚು ಎಂದು ತಿಳಿಯಿತು. ಅಜ್ಜನ ಮಾತಿಗೂ ಪುಸ್ತಕದ ಮಾತಿಗೂ ನನ್ನೊಳಗೆ ಎಂದೂ ಜಗಳ ಆಗಲಿಲ್ಲ.

ಹನ್ನೆರಡು ವರ್ಷದ ಹಿಂದೆ ಆಗಸ್ಟ್‌ನಲ್ಲಿ ಸ್ಪಿತಿಯ ಲಾಂಗ್ಜಾ ಊರಿಗೆ ಹೋಗಿದ್ದೆ. 4,400 ಮೀಟರ್ ಎತ್ತರ, ಕಣಿವೆಯತ್ತ ಮುಖಮಾಡಿ ಕುಳಿತ ದೊಡ್ಡ ಬುದ್ಧ, ಹಿಂದೆ ಚೌ ಚೌ ಕಾಂಗ್ ನಿಲ್ಡಾ ಶಿಖರ. ಹಳ್ಳದ ಬದಿಯ ಕಪ್ಪು ಜೇಡಿಗಲ್ಲಿನಲ್ಲಿ ಬಾಗಿ ನೋಡಿದರೆ ಅದೇ ಸುರುಳಿ. ಅದೇ ಅಂತರ, ಅದೇ ಏಣು. ಭೂವಿಜ್ಞಾನಿಗಳು ಈ ಪದರವನ್ನು ಸ್ಪಿತಿ ಶೇಲ್ ಎಂದೇ ಕರೆಯುತ್ತಾರೆ, ಸುಮಾರು 15 ಕೋಟಿ ವರ್ಷ ಹಳೆಯದು. ಭಾರತದ ನೆಲ ಏಷ್ಯಾಕ್ಕೆ ಢಿಕ್ಕಿ ಹೊಡೆಯುವ ಮೊದಲು ನಡುವೆ ಇದ್ದ ಟೆಥಿಸ್ ಸಮುದ್ರದ ತಳದ ಕೆಸರು ಅದು. ಕಡಲ ತೀರದವನಾದ ನಾನು ಕಡಲಿನ ತಳವನ್ನು ಮೊದಲ ಸಲ ಮುಟ್ಟಿದ್ದು ಆ ಬೆಟ್ಟದ ಮೇಲೆ. ಅಲ್ಲೇ ಮೊಣಕಾಲೂರಿ ಕುಳಿತುಬಿಟ್ಟೆ.

ಒಬ್ಬ ಹುಡುಗಿ ಅಂಗೈಯಲ್ಲಿ ಒಂದು ಸುರುಳಿ ಹಿಡಿದು ನೂರು ರೂಪಾಯಿ ಎಂದಳು. ಕೊಳ್ಳಲಿಲ್ಲ. ಅವಳ ಶಾಲೆಯ ಬಗ್ಗೆ ಕೇಳಿದೆ, ಚೀಲದಲ್ಲಿದ್ದ ಎರಡು ಪೆನ್ಸಿಲು ಕೊಟ್ಟೆ, ಕಲ್ಲನ್ನು ಅದು ಇದ್ದ ಹಳ್ಳದಲ್ಲೇ ಇಬ್ಬರೂ ಇಟ್ಟು ಬಂದೆವು. ಹೋಗುವವರು ದಯವಿಟ್ಟು ಅಲ್ಲಿಂದ ಕಲ್ಲು ತರಬೇಡಿ. ಒಬ್ಬರು ಕೊಂಡರೆ ನಾಳೆ ಹತ್ತು ಜನ ಆ ಬೆಟ್ಟ ಅಗೆಯುತ್ತಾರೆ.

ಈ ಸೆಪ್ಟೆಂಬರ್‌ನಲ್ಲಿ ಪತ್ನಿಯ ಜೊತೆ ಮತ್ತೆ ಹೋಗಬೇಕೆಂದಿದ್ದೇನೆ. ಡಾಕ್ಟರ್ ಮೇಡಂ, ನನಗೆ ಅರವತ್ತೇಳು, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಹೋಗಬಹುದೇ? ಹಂಚಿನಮನೆಯವರೇ, ಆ ಕಾಲದಲ್ಲಿ ಭರಲ್ ಕಾಣುತ್ತವೆಯೇ? ನನ್ನ ಪತ್ನಿಗೆ ಚಿರತೆಗಿಂತ ಅವುಗಳನ್ನು ನೋಡುವ ಆಸೆ.


ನಾಡಿಮಿಡಿತ (ಹುಬ್ಬಳ್ಳಿ)

ಮೇಷ್ಟ್ರೇ, ಒತ್ತಡ ಹತೋಟಿಯಲ್ಲಿದ್ದರೆ ವಯಸ್ಸೊಂದೇ ಅಡ್ಡಿಯಲ್ಲ. ಆದರೆ ಇಬ್ಬರೂ ಹೃದಯ ಪರೀಕ್ಷೆ ಮಾಡಿಸಿಕೊಂಡು, ನಿಮ್ಮನ್ನು ನೋಡುವ ವೈದ್ಯರ ಒಪ್ಪಿಗೆ ಪಡೆದೇ ಹೊರಡಿ. ಮೇಲೆ ಹೋದಾಗ ಒತ್ತಡ ಏರುಪೇರಾಗಬಹುದು, ಅಳೆಯುವ ಯಂತ್ರ ಜೊತೆಗಿರಲಿ. ಆ ಹೊತ್ತಿಗೆ ಮನಾಲಿ ಕಡೆಯ ದಾರಿ ತೆರೆದಿರುತ್ತದೆ, ಬೇಗ ತಲುಪಬಹುದು ಎಂದು ಯಾರಾದರೂ ಹೇಳುತ್ತಾರೆ. ಬೇಗ ತಲುಪುವುದೇ ಅಪಾಯ. ಕಿನ್ನೌರ್ ಮೇಲೆಯೇ ಹೋಗಿ, ತಾಬೊದಲ್ಲಿ ಎರಡು ದಿನ ನಿಲ್ಲಿ. ಅಲ್ಲಿಯ ವಿಹಾರ 996ರಲ್ಲಿ ಕಟ್ಟಿದ್ದು, ಒಳಗೆ ಕತ್ತಲಲ್ಲಿ ಕಣ್ಣು ಹೊಂದಿಕೊಂಡಂತೆ ಗೋಡೆಯ ಚಿತ್ರಗಳು ಒಂದೊಂದಾಗಿ ಮೂಡುತ್ತವೆ. ಎರಡು ದಿನಕ್ಕೂ ಸಾಲದು.


ಹಂಚಿನಮನೆ (ಸಾಗರ)

ಮೇಷ್ಟ್ರೇ, ಲಾಂಗ್ಜಾದ ಸುರುಳಿಯನ್ನು ನಾನು ನೋಡದೆ ಬಂದೆ, ಆಗ ಎಲ್ಲವೂ ಹಿಮದಡಿ ಇತ್ತು. ನಿಮ್ಮ ಬರಹ ಓದಿ ಇನ್ನೊಮ್ಮೆ ಹೋಗಬೇಕು ಅನ್ನಿಸುತ್ತಿದೆ.

ಸೆಪ್ಟೆಂಬರ್‌ನಲ್ಲಿ ಭರಲ್‌ಗಳು ಎತ್ತರದ ಇಳಿಜಾರುಗಳಲ್ಲಿ ಇರುತ್ತವೆ, ಚಳಿಗಾಲದ ಹಾಗೆ ಊರಿನ ಹತ್ತಿರ ಸುಲಭವಾಗಿ ಸಿಗುವುದಿಲ್ಲವಂತೆ. ಈಗಷ್ಟೇ ಕಿಬ್ಬರ್‌ನ ಮನೆಯವರಿಗೆ ಕರೆ ಮಾಡಿ ಕೇಳಿದೆ. ಬೆಳಿಗ್ಗೆ ಬೇಗ ಎದ್ದು ಚಿಚಮ್ ಸೇತುವೆಯ ಕಡೆ ಗಾಡಿಯಲ್ಲೇ ಹೋಗಿ, ಕಮರಿಯ ಅಂಚಿನಲ್ಲಿ ದುರ್ಬೀನು ಹಿಡಿದು ಕೂತರೆ ಕಾಣಬಹುದು, ನಡೆಯಬೇಕಿಲ್ಲ ಎಂದರು. ಆ ಸೇತುವೆ 2017ರಲ್ಲಿ ಆದದ್ದು. ಅದಕ್ಕೂ ಮೊದಲು ಚಿಚಮ್‌ನವರು ಆ ಕಮರಿಯನ್ನು ತಂತಿಗೆ ಕಟ್ಟಿದ ತೊಟ್ಟಿಯಲ್ಲಿ ಕೂತು, ಹಗ್ಗ ಎಳೆದುಕೊಂಡು ದಾಟುತ್ತಿದ್ದರು. ಸೇತುವೆಯ ಮೇಲೆ ನಿಂತು ಒಮ್ಮೆ ಕೆಳಗೆ ನೋಡಿ, ಅವರ ಗುಂಡಿಗೆ ಎಂಥದ್ದು ಎಂದು ತಿಳಿಯುತ್ತದೆ. ನೀವು ಹೋಗುವ ಹೊತ್ತಿಗೆ ಬಟಾಣಿ ಕಿತ್ತು ಮುಗಿಯುತ್ತ ಬಂದಿರುತ್ತದೆ, ಬಾರ್ಲಿ ಕೊಯ್ಲು ನಡೆದಿರುತ್ತದೆ. ಎಲ್ಲರೂ ಹೊಲದಲ್ಲಿರುತ್ತಾರೆ, ಮುಂಚೆಯೇ ತಿಳಿಸಿ ಹೋಗಿ.

ಒಂದು ಉಪಕಾರ ಮಾಡುತ್ತೀರಾ? ನಾನು ಒಯ್ದಿದ್ದ ನಮ್ಮ ತೋಟದ ಕಾಳುಮೆಣಸು ಆ ಮನೆಯ ಅಮ್ಮನಿಗೆ ಬಹಳ ಹಿಡಿಸಿತ್ತು. ಥುಕ್ಪಾ ಎಂಬ ನೂಡಲ್ಸ್ ಸಾರಿಗೆ ಕುಟ್ಟಿ ಹಾಕುತ್ತಿದ್ದರು. ಕರೆ ಮಾಡಿದಾಗ ಮುಗಿದುಹೋಯಿತು ಎಂದರು. ಅರ್ಧ ಕಿಲೋ ಉಡುಪಿಗೆ ಕಳುಹಿಸಿಕೊಡುತ್ತೇನೆ.


ನಿವೃತ್ತ ಮೇಷ್ಟ್ರು (ಉಡುಪಿ)

ಖಂಡಿತ ಒಯ್ಯುತ್ತೇನೆ. ಒಂದು ಕಿಲೋ ಕಳುಹಿಸಿ, ನಮ್ಮ ಚೀಲದಲ್ಲಿ ಜಾಗವಿದೆ. ವಿಳಾಸವನ್ನು ಖಾಸಗಿ ಸಂದೇಶದಲ್ಲಿ ಕಳುಹಿಸಿದ್ದೇನೆ. ಆ ಅಮ್ಮನಿಗೆ ಹಪ್ಪಳ ಸೇರುತ್ತದೆಯೇ ಎಂದು ಪತ್ನಿ ಕೇಳುತ್ತಿದ್ದಾಳೆ.